ಮೂರನೇ ಸೆಕೆಂಡಿನ ಸೀಟಿ

ಲಾಫ್ಲಿನ್ನಿನ ಗೋಡೆಗಳಿಗೆ ಗಡಿಯಾರವಿಲ್ಲ.
ರಾತ್ರಿಪಾಳಿ ಎಷ್ಟು ಸವೆಯಿತೆಂಬುದು
ನನ್ನ ಸೊಂಟದ ಬೀಗದಕೈ ಗೊಂಚಲಿಗಷ್ಟೇ ಗೊತ್ತು.
ಕಿಟಕಿಯಾಚೆ ಕೊಲರಾಡೋ ನದಿ, ಜೂಜುಮನೆಗಳ ಬೆಳಕನ್ನೆಲ್ಲ
ಮೈಗೆ ಮೆತ್ತಿಕೊಂಡು
ಏನನ್ನೂ ಆಡದೆ ಸರಿದುಹೋಗುತ್ತದೆ.

ಮೂಲೆಯಲ್ಲಿ ಆ ಯಂತ್ರ: ‘ಹತ್ತು ಎಣಿಸುವಷ್ಟರಲ್ಲಿ’.
ಒಂದು ಕಾಲಕ್ಕೆ ಮನೆಮನೆಯ ಟೀವಿ ಆಟ,
ಈಗ ಎದೆಯೆತ್ತರದ ಪೆಟ್ಟಿಗೆ.
ನಿರೂಪಕ ತೀರಿಕೊಂಡು ಹನ್ನೆರಡು ವರ್ಷ;
ಗಾಜಿನೊಳಗೆ ಅವನ ಹಲ್ಲು ಇನ್ನೂ ಹೊಳೆಯುತ್ತದೆ,
ಐದು ಸೆಂಟು ಗೆದ್ದವರಿಗೂ ಶಹಬ್ಬಾಸ್ ಅನ್ನುತ್ತಾನೆ.
ಅವನ ದನಿ ತುಂಬಿದ ಚಿಪ್ಪನ್ನು ಹೋದ ವಾರ
ನಾನೇ ಒರೆಸಿ ಕೂರಿಸಿದೆ.

ಲವೀನಾ ಬರುವುದು ಮಂಗಳವಾರ,
ಬುಲ್‌ಹೆಡ್ ಸಿಟಿಯಿಂದ ಸೇತುವೆ ದಾಟಿ,
ಆಮ್ಲಜನಕದ ಸಣ್ಣ ಸಿಲಿಂಡರನ್ನು
ಹಟಮಾರಿ ನಾಯಿಯಂತೆ ಹಿಂದೆ ಎಳೆದುಕೊಂಡು.
ಇಪ್ಪತ್ತು ಡಾಲರಿನ ಒಂದೇ ನೋಟು, ಸುಕ್ಕು ತೀಡಿ;
ಯಂತ್ರ ಉಗುಳಿದರೆ ಮತ್ತೆ ತೀಡಿ.
ಗೆದ್ದರೂ ಅಂಕಿಯ ಕಡೆ ನೋಡುವುದಿಲ್ಲ.
ಕಣ್ಣು ಮುಚ್ಚಿ ಸ್ಪೀಕರಿನ ಜಾಲರಿಗೆ ಕಿವಿಯಾನಿಸಿ
ಚಪ್ಪಾಳೆ ಕೇಳುತ್ತಾಳೆ.

ಒಮ್ಮೆ ಕೇಳಿದೆ, ಏಕೆಂದು. ಕೇಳಬಾರದು; ನಮಗೆ ನಿಯಮವಿದೆ.
"ಆರ್ಸೆನಿಯೊ," ಅಂದಳು, ನನ್ನೆದೆಯ ಬಿಲ್ಲೆ ಓದಿ,
"ಆ ಚಪ್ಪಾಳೆಯಲ್ಲಿ ನನ್ನ ಗಂಡನಿದ್ದಾನೆ.
ಮೂರನೇ ಸೆಕೆಂಡಿಗೆ ಒಂದು ಸೀಟಿ ಬರುತ್ತದಲ್ಲ,
ಅದು ಓರ್ವಿಲ್."

ಎಪ್ಪತ್ತೊಂಬತ್ತನೇ ಇಸವಿ, ಬರ್ಬ್ಯಾಂಕಿನ ಸ್ಟುಡಿಯೋ.
ಹಳದಿ ಫ್ರಾಕು, ಕಡ ತಂದ ಕಿವಿಯೋಲೆ.
ಪ್ರಶ್ನೆ: ಕೊಲರಾಡೋ ನದಿ ಯಾವ ಕಡಲು ಸೇರುತ್ತದೆ?
ಹತ್ತು, ಒಂಬತ್ತು, ಎಂಟು,
ಅವಳಪ್ಪ ಯೂಮಾದ ಕಾಲುವೆಗಳಿಗೆ ತೂಬು ಎತ್ತುತ್ತಿದ್ದವನು.
ಒಂದು ಭಾನುವಾರ ಮಗಳನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು
ಗಡಿಯಾಚೆ ಹೋಗಿ ತೋರಿಸಿದ್ದ:
ಬಿರಿದ ಕೆಸರು, ಪಕ್ಕೆ ಬಿಟ್ಟ ದೋಣಿ, ಉಪ್ಪು.
"ನೋಡಿಕೋ, ನಮ್ಮ ನದಿ ಇಲ್ಲಿಗೆ ಮುಗಿಯಿತು."
ನಾಲ್ಕು, ಮೂರು,
"ಯಾವ ಕಡಲನ್ನೂ ಇಲ್ಲ," ಅಂದಳು ಲವೀನಾ,
"ದಾರಿಯಲ್ಲೇ ಬತ್ತುತ್ತದೆ."

ಕತ್ತೆ ಕಿರುಚಿದ ಹಾಗೆ ಬಜರ್.
ನಿರೂಪಕ ಚೀಟಿ ನೋಡಿದ; ಚೀಟಿಯಲ್ಲಿ ಕಡಲಿತ್ತು.
ಮುನ್ನೂರು ಜನ ನಕ್ಕರು. ಹೊಸ ಕಾರು ಪರದೆಯ ಹಿಂದೆ ಸರಿಯಿತು.
ಆ ನಗೆಯ ನಡುವಿನಿಂದ
ಎರಡು ಬೆರಳು ಬಾಯಿಗಿಟ್ಟು
ಒಬ್ಬನೇ ಒಬ್ಬ ಸೀಟಿ ಹೊಡೆದ.

ನಗೆಯನ್ನು ಕತ್ತರಿಸಿ ಬಿಸಾಡಿ
ಸೀಟಿಯನ್ನು ಮಾತ್ರ ಗೆದ್ದವರ ಚಪ್ಪಾಳೆಗೆ ಹೊಲಿದಿದ್ದಾರೆ
ಅನ್ನುತ್ತಾಳೆ. ಇರಬಹುದು.
ಬೇರೆ ಯಾವುದೋ ದಿನದ, ಬೇರೆ ಯಾರದೋ ಗಂಡನೂ ಇರಬಹುದು.
ಯಂತ್ರದ ಹೊಟ್ಟೆ ಬಲ್ಲ ನಾನು
ಇಂಥದ್ದಕ್ಕೆಲ್ಲ ಬಾಯಿ ಹಾಕುವುದಿಲ್ಲ.

ಇವತ್ತು ಕರಾರು ಮುಗಿಯಿತು. ನಸುಕಿಗೆ ಇದು ಲಾರಿ ಹತ್ತುತ್ತದೆ;
ಈ ಜಾಗಕ್ಕೆ ಯಾವುದೋ ಅಡುಗೆ ಸ್ಪರ್ಧೆಯ ಪೆಟ್ಟಿಗೆ.
ಕೈಗಾಡಿ ತಂದು ನೋಡಿದರೆ ಅವಳಿದ್ದಾಳೆ.
ಆಚೀಚೆ ನೋಡಿ, ಬಾಗಿಲು ತೆರೆದು, ಕೀಲಿ ತಿರುವಿ
ಪರೀಕ್ಷೆಯ ಗುಂಡಿ ಒತ್ತಿದೆ. ಕಾಸಿಲ್ಲದ ಚಪ್ಪಾಳೆ:
ಒಂದು, ಎರಡು, ಸೀಟಿ.
ಮತ್ತೊಮ್ಮೆ. ಸೀಟಿ.

"ಸಾಕು," ಅಂದಳು. "ಬಿಟ್ಟಿಯದೆಂದು ಹೇಳುತ್ತಿಲ್ಲ.
ಅವನು ಹೊಡೆದದ್ದು ಸೋತವಳಿಗೆ ಕಣಪ್ಪ.
ಇದು ಗೆದ್ದಾಗ ಮಾತ್ರ ಕೊಡುತ್ತದೆ. ಅಷ್ಟೇ ನನ್ನ ದೂರು."

ಬಾಗಿಲು ಮುಚ್ಚಿಸಿ, ಉಳಿದದ್ದನ್ನೆಲ್ಲ ಆಡಿದಳು.
ಚೆರ್ರಿ, ಗಡಿಯಾರ, ಏನೂ ಇಲ್ಲ.
ಗಡಿಯಾರ, ಹಲ್ಲು, ಏನೂ ಇಲ್ಲ.
ಸೊನ್ನೆ.
ಸತ್ತವನೂ ಸುಮ್ಮನಾದ.

ನಾನು ಬೆನ್ನ ಹಿಂದೆ ನಿಂತು
ಎರಡು ಬೆರಳು ಬಾಯಿಗಿಟ್ಟೆ. ಯಂತ್ರದೆಣ್ಣೆಯ ಕಹಿ.
ಬರೀ ಗಾಳಿ ಬಂತು, ಅವಳ ಸಿಲಿಂಡರಿನದರ ಹಾಗೆ.

ತಿರುಗದೆಯೇ ಅಂದಳು:
"ನಾಲಿಗೆಯನ್ನು ಇನ್ನಷ್ಟು ಹಿಂದಕ್ಕೆ ಮಡಿಸಬೇಕು."