ಉದ್ರಿ ಗ್ವಾಡಿ

ಶಹಾಬಜಾರದ ನೀಲಗಂಗಮ್ಮನ ಖಾನಾವಳಿ
ಮೂರು ದಿನ ಬಂದ್ ಅದ.
ಒಲಿ ಆರಿದರೂ ಹಿಂದಿನ ಗ್ವಾಡಿ ಇನ್ನಾ ಬೆಚ್ಚಗ,
ಕೈ ಇಟ್ಟರ ಕೈಗಿ ಜಿಡ್ಡು:
ಎರಡು ತಲಿಮಾರಿನ ಒಗ್ಗರಣಿ.

'ಸೀದಾ ಟೈಲ್ಸ್ ಬಡೀರಿ,
ಶುಕ್ರವಾರ ರೊಟ್ಟಿ ಚಾಲೂ ಆಗಬೇಕು' ಅಂದಳು,
ಬಿಳೀ ಟೈಲ್ಸಿನದೊಂದು ತುಂಡು
ಹೊಸ ಸೀರಿ ಅಂಚಿನಂಗ ಬೆಳಕಿಗಿ ಹಿಡದು.

ಲಾಡ್ಲೇಸಾಬ ಮಾತಾಡಲಿಲ್ಲ.
ಕರಣಿ ಹಿಡಿಕಿಯಿಂದ ಗ್ವಾಡಿ ತಟ್ಟಿದ,
ಕಲ್ಲಂಗಡಿ ತಟ್ಟಿ ಕೊಳ್ಳೋರ ಹಂಗ ಕಿವಿ ಕೊಟ್ಟು.
ಇಲ್ಲಿ ಟಣ್. ಇಲ್ಲಿ ಟಣ್.
ಇಲ್ಲಿ
ಡೊಳ್.
'ಜಗದೇವಿ, ಇಲ್ಲಿಂದ ಕೆತ್ತು.'

ನಾ ಕೆತ್ತಿದೆ.
ಮೊದಲು ಹಸರು ಬಣ್ಣ, ಹಸರಿನ ಹಿಂದ ನೀಲಿ,
ನೀಲಿ ಹಿಂದ ಸುಣ್ಣ, ಸುಣ್ಣದ ಹಿಂದ ಇದ್ದಿಲ ಗೀರು.
ಗೀರಲ್ಲ ಅವು. ಲೆಕ್ಕ.
ನಾಕು ನಿಂತ ಗೆರಿ, ಅಡ್ಡ ಒಂದು,
ಮತ್ತ ನಾಕು, ಮತ್ತ ಅಡ್ಡ.

ನೀಲಗಂಗಮ್ಮ ಸೆರಗಿಲೆ ಧೂಳ ಒರಸಿದಳು.
'ನಮ್ಮತ್ತಿದು. ಓದು ಬರತಿರಲಿಲ್ಲ ಆಕಿಗಿ.
ಇದು ಗಾಲಿ, ಟಾಂಗಾದ ರುಕ್ಮೊದ್ದೀನ.
ಕತ್ತರಿ ಅಂದರ ಸಿಂಪಿಗ್ಯಾ.
ಚಾಳೀಸು ನೋಡು, ಮಾಸ್ತರ,
ಪಗಾರದ ದಿನಾನೂ ಸಾಲಾನೇ ಹೇಳತಿದ್ದ.'
ನಕ್ಕಳು. ಆಮ್ಯಾಲ ಮೂಲ್ಯಾಗ ಬೆರಳಿಟ್ಟು ನಿಂತಳು.
ಅಲ್ಲೊಂದು ಹಕ್ಕಿ.
ಹಕ್ಕಿ ಮುಂದ ಹದಿನೇಳು ಗೆರಿ.
'ಇದು ಯಾರೋ.'

ಮಧ್ಯಾಹ್ನ ಸಿಮೆಂಟ್ ಬೋರ್ಡು ಬಂದವು ಆಟೋದಾಗ,
ಬೂದಿ ಬಣ್ಣ, ಮೆಚ್ಚೋ ಮಾರಿ ಅಲ್ಲ.
'ಇದಕ್ಕೂ ರೊಕ್ಕಾ? ಟೈಲ್ಸ್ ಹಿಂದ ಕಾಣೋದೇ ಇಲ್ಲಲ್ಲ!'
'ನೀವು ಹಿಟ್ಟು ನಾದೋದು ಗಿರಾಕಿ ನೋಡ್ತಾನೇನಕ್ಕಾ?'
ಆಕಿ ಸುಮ್ಮನಾದಳು, ಚಹಾ ಕಾಸಲಿಕ್ಕ ಹೋದಳು.

ಜಿಡ್ಡಿನ ಮ್ಯಾಲ ಅಂಟು ನಿಲ್ಲಂಗಿಲ್ಲ,
ಅದಕ್ಕ ಗ್ವಾಡಿಗಿ ತೂತು, ತೂತಿಗಿ ಗುಲ್ಲಿ, ಗುಲ್ಲಿಗಿ ಸ್ಕ್ರೂ.
ಸ್ಕ್ರೂವಿನ ತಲಿ ಮೈಗಿಂತ ಒಂದು ಕೂದಲು ಒಳಗಿರಬೇಕು:
ಹೊರಗ ಉಳದರ ಟೈಲ್ಸ್ ಸೀಳತದ,
ಸಿಟ್ಟಿಲೆ ತಿರುವಿದರ ಬೋರ್ಡು ಪುಡಿ.

ನಾ ಹೊಸಾಕಿ ಇದ್ದಾಗ ಬೋರ್ಡಿಗಿ ಬೋರ್ಡು
ಒತ್ತಿ ಒತ್ತಿ ಕೂಡಸತಿದ್ದೆ, ಸಂದು ಕಾಣಬಾರದಂತ.
ಲಾಡ್ಲೇಸಾಬ ಎರಡು ಎಂಟಾಣೆ ಜೋಡಿಸಿ ಕೊಟ್ಟಿದ್ದ:
'ಇವು ನಡುವ ಹೋಗಬೇಕು, ಸರಳ.
ಕೆಳಗಿಂದು ಎರಿ ಮಣ್ಣವ್ವಾ.
ಮಳಿಗಿ ಉಬ್ಬತದ, ಬ್ಯಾಸಗಿಗಿ ಬಾಯಿ ಬಿಡತದ.
ಅಲಗ್ಯಾಡಲಿಕ್ಕ ಒಂಚೂರು ಜಾಗಾ ಬಿಡು.'
ಯಾವ ಅಂಗಡ್ಯಾಗೂ ನಡೀದ ಆ ಎಂಟಾಣೆ
ಇನ್ನಾ ನನ್ನ ಎಲಿಅಡಿಕಿ ಚೀಲದಾಗ ಅವ,
ಸಂದಿನಾಗಷ್ಟೇ ನಡೀತಾವ.

ನೆಲದಾಗ ಎರಡು ಶಹಾಬಾದ ಪರಸಿ
ಕಾಲಿಟ್ಟರ ಡಗಡಗ.
ಎಬ್ಬಿಸಿದರ ಅಡಿಗಿ ಒಂದು ತಾಮ್ರದ ಚಮಚ, ಜೋಳದ ಹೊಟ್ಟು,
ಇರಿವಿಯ ಊರು.
ಗಚ್ಚು ಹಾಕಿ ಕೂಡಿಸಿದಿವಿ. ನೀರಿನ ಪೈಪಿನ ಒಂದು ತುದಿ ಆತ,
ಒಂದು ತುದಿ ನಾ, ಮುಸರಿ ಬಚ್ಚಲ ಕಡಿ
ಎರಡು ಬೆರಳು ಇಳಿಜಾರು.

ಹಲ್ಲಿನ ಕರಣಿಲೆ ಅಂಟು ಬಾಚಿದೆ,
ಮಗಳ ತಲಿ ಬಾಚಿದಂಗ, ಒಂದೇ ದಿಕ್ಕಿಗಿ,
ಅದರ ಮ್ಯಾಲ ನೆಲದ ಬೋರ್ಡು ಒತ್ತಿ ಕೂಡಿಸಿದೆ.
ಸಂದಿಗಿ ಜಾಳಿ ಪಟ್ಟಿ ಅಂಟಿಸಿದೆ, ಪಟ್ಟಿ ಮ್ಯಾಲ ತೆಳ್ಳಗ ಅಂಟು.

ಕಡೀ ಬೋರ್ಡು ಮೂಲಿದು.
ನೀಲಗಂಗಮ್ಮ ಬಾಗಲಾಗ ಬಂದು ನಿಂತಳು, ಕೈಯಾಗ ಖಾಲಿ ಕಪ್ಪು.
'ಹಕ್ಕಿನ ಕೆತ್ತಬ್ಯಾಡ. ಹಾಂಗೇ ಮುಚ್ಚು.'
ಮುಚ್ಚಿದೆ. ಆರು ಸ್ಕ್ರೂ.

ಅಂಟು ಆರೋತನಕ ಲಾಡ್ಲೇಸಾಬ ನಮಾಜಿಗಿ ಹೋಗಿದ್ದ.
ನನ್ನ ಕಿವಿ ಹಿಂದ ಪೆನ್ಸಿಲ್ ಇತ್ತು.
ಮೂರು ದಿನ ಬಿಸಿ ರೊಟ್ಟಿ ಉಂಡೀನಿ, ಪುಂಡಿ ಪಲ್ಯ,
ಕೊಡಲಿಕ್ಕ ಹೋದರ ರೊಕ್ಕ ಮುಟ್ಟಲಿಲ್ಲ ಆಕಿ.
ಬೂದಿ ಬೋರ್ಡಿನ ಮ್ಯಾಲ ಒಂದು ಕರಣಿ ಬರದೆ,
ಹಲ್ಲಿದ್ದ ಕರಣಿ,
ಅದರ ಮುಂದ ಮೂರು ಗೆರಿ.

ಆಮ್ಯಾಲ ಅದರ ಮ್ಯಾಲೇ
ಮೊದಲನೇ ಬಿಳೀ ಟೈಲ್ಸ್ ಇಟ್ಟು
ಬೆರಳ ಗೆಣ್ಣಿಲೆ ತಟ್ಟಿದೆ.
ಟಣ್.