ಅಂಜೂರವನ್ನು ಮಲಗಿಸುವ ದಿನ

ಕಾಲು ಮುರಿದುಕೊಂಡು ಮಂಚ ಹಿಡಿದಿದ್ದಾರೆ ಅತ್ತೆ ಬೀಕಾಜಾನ್.
ಆ ಮಂಚವನ್ನೇ ಅಂಗಳಕ್ಕೆ ಹೊರಿಸಿಕೊಂಡಿದ್ದಾರೆ.
ಮೊಣಕಾಲಿಗೆ ರಜಾಯಿ, ಕೈಗೆ ಹಸಿರು ಚಹಾ,
ಬಾಯಿಗೆ ಮಾತ್ರ ಬಿಡುವಿಲ್ಲ.

ಖೀವಾ ಊರಿನಾಚೆ, ಕಾಲುವೆ ಮುಗಿಯುವಲ್ಲಿ ನಮ್ಮ ಮನೆ.
ಮುಂದಿನ ವಾರ ಹಿಮವೆಂದು ರೇಡಿಯೋ ಹೇಳಿತು.
ಅದಕ್ಕೂ ಮೊದಲೇ ಹೇಳಿತ್ತು
ಅತ್ತೆಯ ಮುರಿದ ಕಾಲು.

"ಜುಮಾಗುಲ್, ಗಜ್ಜರಿ ತೊಳೀಬೇಡ!
ಮೈಮೇಲಿನ ಮಣ್ಣೇ ಅದಕ್ಕೆ ಅಂಗಿ."
ತೊಳೆಯಲಿಲ್ಲ. ಹಳದಿ ಗಜ್ಜರಿಯ ಜುಟ್ಟು ಚಿವುಟಿ
ಗುಂಡಿಗಿಳಿಸಿದೆ, ಒಂದು ಸಾಲು ಮರಳು, ಒಂದು ಸಾಲು ಗಜ್ಜರಿ,
ಪುಲಾವಿಗೆ ಮಾರ್ಚಿನವರೆಗೆ ಸಾಕು.
ಕವಲೊಡೆದವನ್ನು ಬೇರೆ ಇಟ್ಟೆ, ಹಸುವಿಗೆ.

ಖರ್ಬೂಜಗಳಿಗೆ ಜೊಂಡಿನ ಜೋಲಿ ನೇಯ್ದು
ತೊಲೆಗೆ ಒಂದೊಂದಾಗಿ ತೂಗುಹಾಕಿದೆ.
"ಒಂದಕ್ಕೊಂದು ತಾಗಬಾರದು, ತಾಗಿದರೆ ಕೊಳೀತಾವೆ,
ಒಂದೇ ಒಲೆಯ ವಾರಗಿತ್ತಿಯರ ಹಾಗೆ."
ಅತ್ತೆಗೆ ಮೂವರು ವಾರಗಿತ್ತಿಯರಿದ್ದರಂತೆ.
ನಾನು ಕೇಳಲಿಲ್ಲ.

ಮಧ್ಯಾಹ್ನ ದ್ರಾಕ್ಷಿ.
ಚಪ್ಪರದಿಂದ ಬಿಡಿಸಿ, ಒಣಗಿದ್ದು ಕತ್ತರಿಸಿ,
ಉಳಿದದ್ದನ್ನು ಜಡೆಯಂತೆ ಸುತ್ತಿ ನೆಲಕ್ಕೊರಗಿಸಿ
ಮೇಲೆ ಮಣ್ಣೆಳೆದೆ.
ಇಲ್ಲಿ ಚಳಿಗೆ ಯಾರೂ ನಿಂತಿರುವಂತಿಲ್ಲ.
ಮಲಗಿದವರೇ ಬದುಕುತ್ತಾರೆ.

ಕೊನೆಗೆ ಅಂಜೂರ.
ಏಳು ಕೊಂಬೆ, ನನ್ನ ತೋಳಿಗಿಂತ ದಪ್ಪ.
ಬುಡದಲ್ಲಿ ಒಂದು ಕಡೆ ಮಣ್ಣು ಬಿಡಿಸಿ
ಮೊಣಕಾಲುದ್ದ ಕಾಲುವೆ ತೋಡಿ
ಹಗ್ಗ ಕಟ್ಟಿ ಬಗ್ಗಿಸಬೇಕು, ಮೆಲ್ಲಗೆ,
ಕೂಸನ್ನು ತೊಟ್ಟಿಲಿಗೆ ಹಾಕುವಷ್ಟು ಮೆಲ್ಲಗೆ.
"ಎಳೀಬೇಡ, ಒಪ್ಪಿಸು!" ಎಂದರು ಮಂಚದಿಂದ.
ಮರವನ್ನು ಒಪ್ಪಿಸುವುದು ಹೇಗೆಂದು
ಇಪ್ಪತ್ತಮೂರು ವರ್ಷದಲ್ಲಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಆರು ಒಪ್ಪಿದವು.
ಏಳನೆಯದು ಲಟಕ್ಕೆಂದಿತು.

ಹಾಲು ಜಿನುಗಿತು ಸೀಳಿನಿಂದ, ಬೆಳ್ಳಗೆ, ಬೆರಳಿಗಂಟುವಂತೆ.
ನಾನು ತಿರುಗಿ ನೋಡಲಿಲ್ಲ.
ಮಂಚದಲ್ಲಿ ಚಹಾದ ಬಟ್ಟಲು ಕೆಳಗಿಟ್ಟ ಸದ್ದು.
ಕಾಲುವೆಯಾಚೆ ಯಾರದೋ ಕತ್ತೆ ಕೂಗಿತು, ನಿಲ್ಲಿಸಿತು.
ಬಹಳ ಹೊತ್ತಾದ ಮೇಲೆ,
"ಬಡಗಣ ಮಗ್ಗುಲಲ್ಲಿ ಒಂದು ಬೊಡ್ಡೆ ಇದೆ, ಮುಟ್ಟಿ ನೋಡು.
ಅದು ನಂದು. ಮದುವೆಯಾದ ವರ್ಷ."

ಮುಟ್ಟಿದೆ. ಬೂದು ಗಂಟು, ನುಣುಪಾಗಿತ್ತು.
ಬಾಗಿಲ ಹಿಡಿಯಂತೆ.

ಜೊಂಡು ಹೊದೆಸಿ, ಹಳೆ ಗೋಣಿ ಹಾಸಿ
ಮಣ್ಣು ಎಳೆಯುವಾಗ ಬೇಲಿ ಹಾರಿ ಬಂದ ಪಕ್ಕದ ಮನೆಯ ಮಾದಿಯಾರ್
ದಿಬ್ಬ ನೋಡಿ ಟೊಪ್ಪಿ ತೆಗೆದು ಕೇಳಿದ,
"ಯಾರು ಹೋದರು?"
"ಯಾರೂ ಹೋಗಿಲ್ಲ. ಮಲಗಿದೆ."
"ಯಾವಾಗ ಏಳುತ್ತೆ?"
"ನವರೋಜ್ ಆದ ಮೇಲೆ. ಅಲ್ಲಿವರೆಗೆ ಇದರ ಮೇಲೆ ಚೆಂಡಾಡಬೇಡ."
ಮುರಿದ ಕೊಂಬೆಯನ್ನು ಕೋಲು ಮಾಡಿಕೊಂಡು ಓಡಿದ.

ಇನ್ನೂ ಬೆಳ್ಳುಳ್ಳಿ ಎಸಳು ಊರಿಲ್ಲ.
ಪಾತಿಗಳ ಏರಿ ಕಟ್ಟಿಲ್ಲ.
ಚಳಿಗಾಲದ ನೀರು ಬಿಟ್ಟು ನೆಲದ ಉಪ್ಪು ತೊಳೆಯಬೇಕು,
ಇಲ್ಲದಿದ್ದರೆ ವಸಂತದಲ್ಲಿ ಹಿತ್ತಲು ಬೆಳ್ಳಗೆ ಪೊರೆಗಟ್ಟುತ್ತದೆ,
ಏನು ಹಾಕಿದರೂ ಕಮರುತ್ತದೆ.
ಬೆಳಕು ಹೋಯಿತು.

ಮಂಚದ ಒಂದು ಕಾಲು ಗಂಡ ಹಿಡಿದ, ಒಂದು ನಾನು,
ಇನ್ನೆರಡು ಮೈದುನಂದಿರು. ಅತ್ತೆಯನ್ನು ಒಳಗೆ ಒಯ್ದೆವು.
ಹೊಸ್ತಿಲಲ್ಲಿ ತಗ್ಗಿಸಬೇಕಾಯಿತು.
"ಮೆಲ್ಲಗೆ," ಎಂದರು,
"ಎಳೀಬೇಡಿ."