ಒಂದು ಇಂಚಿನ ಮಂದಿ

ಸೂಪರ್ ಮಾರ್ಕೆಟ್ಟಿನಾಗ ಸೂಪರ್ ಹೀರೋ ಸಿಗಲಿಲ್ಲ.
ನಗಬ್ಯಾಡ್ರಿ, ಮೂರು ಐತವಾರ ಕಲಬುರಗಿ ತಿರುಗಿ
ಚಪ್ಪಲಿ ಉಂಗುಷ್ಟ ಹರಕೊಂಡು ಹೇಳ್ಲಕತ್ತೀನಿ.

ಎಷ್ಟು ದೊಡ್ಡದು ಬೇಕ್ರಿ, ಅಂದ ಆಟಿಗಿ ಅಂಗಡಿಯವ.
ಹೆಬ್ಬಟ್ಟಿನ ತುದಿಯಷ್ಟು, ಅಂದೆ.
ಅವ ಮೊಣಕೈ ಉದ್ದದ್ದೊಂದು ಇಳಿಸಿ ಧೂಳ ಝಾಡಿಸಿದ.
ಗುಂಡಿ ಒತ್ತಿದರ ಎದಿಯೊಳಗ ಕೆಂಪು ದೀಪ,
ಹೊಟ್ಟಿಯೊಳಗಿಂದ ಯಾವುದೋ ದೇಶದ ಗರ್ಜನೆ.

ನಮ್ಮ ಆಟ ಹಿಂಗದ:
ಕಪನೂರದಾಗ ಇಲಿಯಾಸನ ಮಾಮಾನ ದಾಲ್ ಮಿಲ್ಲು,
ಅದರ ಹಿಂದಿನ ಖೋಲಿ. ಐತವಾರ ಮಿಲ್ಲು ಬಂದ್.
ನೆಲಕ್ಕ ಶಹಾಬಾದಿ ಫರ್ಸಿ, ಅದರ ಮ್ಯಾಗ ಸೀಮೆಸುಣ್ಣದಲೆ
ಇಂಚಿಗೊಂದು ಗೆರೆ ಹೊಡೆದು ಊರು ಕಟ್ಟತೀವಿ.
ಆಡವರು ಮೂರು ಮಂದಿ. ನಾ ಕಥಿ ಹೇಳಾಕಿ,
ಉಳಿದ ದಿನ ಕೋರ್ಟಿನಾಗ ಟೈಪಿಸ್ಟು.
ಪುಂಡರ ದಂಡಿಗೆ ತೊಗರಿಬ್ಯಾಳಿ,
ನೂರು ಮಂದಿ ಬೇಕಂದ್ರ ಒಂದು ಮುಷ್ಟಿ.
ಕೆಟ್ಟವರಿಗೆ ಎಂದೂ ಕಡಿಮಿ ಬಿದ್ದಿಲ್ಲ.
ಒಳ್ಳೆಯವರು ಮೂರೇ, ಅವರಿಗೇ ಮೈಯಿಲ್ಲ.

ಇಲಿಯಾಸನ ವೀರ ಮೇ ತಿಂಗಳ ಬಿಸಲು
ಅಂಗೈಯಾಗ ಮಡಚಿಟ್ಟು ರಾತ್ರಿ ಬಿಚ್ಚತಾನ.
ರೇವಣಸಿದ್ದನವ, ಹೋದ ಕರೆಂಟು ಎಲ್ಲಿಗೆ ಹೋಯ್ತಂತ
ವಾಸನಿ ಹಿಡಿದು ಹುಡುಕತಾನ.
ಜಗದೇವಿ ಸರಕಾರಿ ದವಾಖಾನಿ ನರ್ಸು. ಆಕಿ ಹೇಳಿದ್ದಿಷ್ಟು:
ನನ್ನಾಕಿಗೆ ನಿದ್ದಿ ಬೇಕಾಗಂಗಿಲ್ಲ.
ಇದೂ ಒಂದು ಶಕ್ತಿಯೇನು, ಅಂತ ನಕ್ಕಿವಿ.
ಆಕಿ ನಗಲಿಲ್ಲ.

ಬೇಕರಿಯಾಗ ಕೇಕಿನ ಮ್ಯಾಗಿನ ಬೊಂಬಿ ನೋಡಿದೆ:
ಮದುಮಗ, ಮದುಮಗಳು, ತೋಳಿಗೆ ತೋಳು ಅಂಟಿದವರು.
ಬಿಡಿಸಿ ಯುದ್ಧಕ್ಕ ಕಳಿಸೋದು ನನ್ನಿಂದಾಗಲಿಲ್ಲ.
ಚದುರಂಗದ ಡಬ್ಬಿ ತಂದೆ. ಕುದುರಿ ಛಂದಿತ್ತು,
ಕುದುರಿ ಆಗಲಿಕ್ಕ ಯಾರೂ ಒಪ್ಪಲಿಲ್ಲ.
ಹೊರಗಿಂದ ತರಿಸೋಣಂದ್ರ, ಒಂದರ ಬೆಲಿಗೆ
ಐದು ಕಿಲೋ ಬ್ಯಾಳಿ ಬರ್ತದ, ಅಂದ ಇಲಿಯಾಸ.
ಅವನ ಲೆಕ್ಕ ಎಲ್ಲಾ ಬ್ಯಾಳಿಯೊಳಗ.

ಕಡೀಕ ಜಗತ್ ಸರ್ಕಲ್ ಕಡೆ ಒಂದು ಗಲ್ಲಿ,
ಟ್ರೋಫಿ ಅಂಗಡಿ. ಮಾಣಿಕರಾವ ಅಂತ ಮುದುಕರು, ಕಿವಿ ಮಂದ.
ಕಪ್ಪಿನ ತುದಿಗೆ ಬಂಗಾರ ಬಣ್ಣದ ಸಣ್ಣ ಮಂದಿ:
ಬ್ಯಾಟು ಎತ್ತಿದವ, ತೊಡಿ ತಟ್ಟಾವ,
ತೋಳು ಉಬ್ಬಿಸಿ ಉಸಿರು ಹಿಡಿದವ.
ಅಳತಿಪಟ್ಟಿ ಇಟ್ಟೆ. ಇಂಚೂ ಕಾಲು. ನಡೀತದ.

ಯಾವ ಟೂರ್ನಮೆಂಟು?
ಟೂರ್ನಮೆಂಟ್ ಇಲ್ರಿ.
ಗೆದ್ದವರ ಹೆಸರು ಹೇಳು, ಕೆತ್ತಬೇಕಲ್ಲ.
ಈ ಆಟದಾಗ ಯಾರೂ ಗೆಲ್ಲಂಗಿಲ್ರಿ.
ಕೇಳಿಸಲಿಲ್ಲಂತ ಇನ್ನೊಮ್ಮೆ ಒದರಿದೆ,
ಗಲ್ಲಿಗೆ ಗಲ್ಲಿನೇ ಹೊರಳಿ ನೋಡಿತು.
ಮುದುಕರು ಚಷ್ಮಾ ಒರಸಿಕೊಂಡರು.
ಹಂಗಾದ್ರ ದಿನಾ ಆಡಬಹುದು, ಅಂದು
ಮೇಜಿನ ಬುಡದಿಂದ ಚೀಲ ಎಳೆದರು:
ಮುರಿದವು, ಬಣ್ಣ ಹೋದವು,
ಯಾರೂ ಒಯ್ಯಲಿಕ್ಕ ಬರದ ಬಹುಮಾನದವು.
ಚೀಲದ ತುಂಬ ಗಂಡಸರು.
ಹೆಂಗಸು ಒಬ್ಬಾಕಿ, ರೆಕ್ಕಿದಾಕಿ,
ಮಾರಿ ಮೂಡಿಲ್ಲ, ಮ್ಯಾಲೆ ಮೂರಿಂಚು ಎತ್ತರ.
ಇರಲಿ ಅಂತ ತಂದೆ.

ನನ್ನ ಹಳೇ ಉಗುರುಬಣ್ಣ ಬಳದೀವಿ.
ಉಸಿರು ಹಿಡಿದವ ಇಲಿಯಾಸನ ಪಾಲಿಗೆ,
ಬ್ಯಾಟು ರೇವಣಸಿದ್ದನ ಕೈಯಾಗ ಟಾರ್ಚಾಯ್ತು.
ಜಗದೇವಿ ರೆಕ್ಕಿದಾಕಿನ್ನ ತಿರುಗಿಸಿ ನೋಡಿದಳು.
ಈಕಿ ಭಾಳ ನಿರಾಳ ಅದಾಳ, ಅಂದು ಬಾಜೂಕಿಟ್ಟಳು.
ಪರ್ಸಿನೊಳಗಿಂದ ಇಂಜೆಕ್ಷನ್ ಬಾಟ್ಲಿ ನೀಲಿ ಮುಚ್ಚಳ
ತೆಗೆದು ಚೌಕದಾಗಿಟ್ಟಳು. ಇದಾ ಆಕಿ.

ಕಥಿ ಸುರು ಮಾಡಿದೆ. ರಾತ್ರಿ ಎರಡು ಗಂಟಿ,
ನೂರು ಮಂದಿ ಕತ್ತಿ ಹಿಡಿದು ಓಣಿ ಹೊಕ್ಕಾರ.
ಬಿಸಲು ಬಿಚ್ಚಿತು, ಟಾರ್ಚು ಹತ್ತಿತು,
ದಾಳ ಎರಡೂ ಸಲ ಕೈಕೊಟ್ಟಿತು.
ಜಗದೇವಿ ಸರತಿ ಬಂದಾಗ ನೋಡಿದ್ರ
ಗೋಣಿಚೀಲಕ್ಕ ತಲಿ ಆನಿಸಿ
ಬಾಯಿ ತೆರೆದು ಮಲಗ್ಯಾಳ,
ಗದ್ದಕ್ಕ ಬ್ಯಾಳಿ ಹಿಟ್ಟು.

ಯಾರೂ ಎಬ್ಬಿಸಲಿಲ್ಲ. ಫ್ಯಾನಿನ ಮಾರಿ ಆ ಕಡೆ ಹೊರಳಿಸಿದ ರೇವಣಸಿದ್ದ.
ಬ್ಯಾಳಿ ನಡುವ ನೀಲಿ ಮುಚ್ಚಳ ಒಂದು
ಎಚ್ಚರಿತ್ತು.